ಹಳೆಯ ಎಸ್‌ಎಲ್‌ಆರ್‌ಗೆ ತಕ್ಕ ತೋಟಾ

ಅರೆಸ್ವಯಂಚಾಲಿತ ರೈಫಲ್ ತನ್ನ ತೋಟಾದ ಬಲದಿಂದಲೇ ಓಡುವ ಯಂತ್ರ. ಕುದುರೆ ಎಳೆದೊಡನೆ ತೋಟಾದೊಳಗಿನ ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಬಹುಪಾಲು ಗುಂಡನ್ನು ನಳಿಗೆಯಿಂದ ಹೊರದಬ್ಬುತ್ತದೆ. ಉಳಿದ ಚೂರುಪಾಲು ನಳಿಗೆಯ ಮೈಯಲ್ಲಿರುವ ಸಣ್ಣ ರಂಧ್ರದಲ್ಲಿ ನುಸುಳಿ ಪಿಸ್ಟನ್ ಒಂದನ್ನು ಹಿಂದಕ್ಕೆ ಗುದ್ದುತ್ತದೆ. ಪಿಸ್ಟನ್ನಿನ ಹೊಡೆತಕ್ಕೆ ಬೋಲ್ಟ್ ತೆರೆದು ಖಾಲಿ ಹಿತ್ತಾಳೆ ಕವಚ ಹೊರಗೆ ಹಾರುತ್ತದೆ. ಸ್ಪ್ರಿಂಗಿನ ಒತ್ತಡಕ್ಕೆ ಮರಳಿ ಮುಂದೆ ಬರುವ ಬೋಲ್ಟ್, ಮ್ಯಾಗಜಿನ್‌ನಿಂದ ಮುಂದಿನ ತೋಟಾವನ್ನು ಎತ್ತಿಕೊಂಡು ಚೇಂಬರಿಗೆ ತುಂಬುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಮುಗಿದಿರುತ್ತದೆ. ಇಂಥ ಬಂದೂಕಿಗೆ ತೋಟಾ ಆರಿಸುವಾಗ ‘ಒಳಗೆ ಕೂರುತ್ತದೆಯೇ’ ಎಂದು ನೋಡಿದರೆ ಸಾಲದು. ಅದರ ಅನಿಲ ಈ ಪಿಸ್ಟನ್ನನ್ನು ಎಷ್ಟು ಜೋರಾಗಿ ಗುದ್ದುತ್ತದೆ, ಮದ್ದಿಗೆ ಕಿಡಿ ಹೊತ್ತಿಸುವ ಅದರ ತಳದ ಕ್ಯಾಪ್ ಎಷ್ಟು ಗಡಸು, ಅದರ ಕವಚ ಎಷ್ಟು ಹಳೆಯದು ಎಂಬುದೂ ಗೊತ್ತಿರಬೇಕು.

ಕೈಯಿಂದ ಬೋಲ್ಟ್ ಎಳೆಯುವ ರೈಫಲ್‌ಗಳಿಗೆ ಇಷ್ಟೊಂದು ನಾಜೂಕಿಲ್ಲ. 1948ರ ಸೆಪ್ಟೆಂಬರ್ 13ರಂದು, ಹೈದರಾಬಾದ್ ಸಂಸ್ಥಾನದ ಪೊಲೀಸ್ ಕಾರ್ಯಾಚರಣೆಗೆಂದು ಸೊಲ್ಲಾಪುರದ ಕಡೆಯಿಂದ ಹೊರಟ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ನಳದುರ್ಗ, ಉಮರ್ಗಾ ದಾಟಿ ಮರುದಿನವೇ ಇಂದಿನ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರವನ್ನು ಹಿಡಿಯಿತು. ಆಮೇಲೆ ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿನತ್ತ ನಡೆಯಿತು. ಆ ಕಾಲದ ಭಾರತೀಯ ಪದಾತಿಯ ಮುಖ್ಯ ರೈಫಲ್ .303 ಲೀ-ಎನ್‌ಫೀಲ್ಡ್. ಅದರಲ್ಲಿ ಅನಿಲದ ರಂಧ್ರವಿಲ್ಲ, ಪಿಸ್ಟನ್ ಇಲ್ಲ. ಮದ್ದು ತುಸು ನಿಧಾನ ಉರಿದರೂ ಬೇಗ ಉರಿದರೂ ಬೋಲ್ಟ್ ತೆರೆಯುವುದು ಸೈನಿಕನ ಕೈ. ತೋಟಾ ದುರ್ಬಲವಾಗಿದ್ದರೆ ಗುಂಡು ಗುರಿಗಿಂತ ಕೆಳಗೆ ಬೀಳುತ್ತದೆ, ಅಷ್ಟೆ. ಯಂತ್ರ ನಿಲ್ಲುವುದಿಲ್ಲ, ಮುರಿಯುವುದೂ ಇಲ್ಲ. ಆಡುಮಾತಿನಲ್ಲಿ ಈ ರೈಫಲ್ ‘ತ್ರೀ ನಾಟ್ ತ್ರೀ’.

1962ರ ಚೀನಾ ಯುದ್ಧದಲ್ಲೂ ಭಾರತೀಯ ಸೈನಿಕನ ಹೆಗಲಲ್ಲಿದ್ದದ್ದು ಬಹುತೇಕ ಅದೇ. ಆ ಯುದ್ಧದ ನಂತರದ ವರ್ಷಗಳಲ್ಲಿ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಿಂದ 7.62 ಮಿ.ಮೀ. ಎಸ್‌ಎಲ್‌ಆರ್, ಅಂದರೆ ತಾನೇ ತೋಟಾ ತುಂಬಿಕೊಳ್ಳುವ ರೈಫಲ್, ಹೊರಬಂತು. ಬೆಲ್ಜಿಯಂನ ಎಫ್‌ಎನ್ ಕಂಪನಿಯಲ್ಲಿ ಡ್ಯುಡೊನೆ ಸೆವ್ ರೂಪಿಸಿದ ಎಫ್‌ಎಎಲ್ ರೈಫಲ್ ಇದರ ಮೂಲ. ಭಾರತದ್ದಕ್ಕೆ 1ಎ1 ಎಂಬ ಹೆಸರು. ಅದೇ ಹೊತ್ತಿಗೆ ಇಶಾಪುರದವರು ಹಳೆಯ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ 7.62ಕ್ಕೆ ಬದಲಿಸಿ 2ಎ, 2ಎ1 ಎಂಬ ರೈಫಲ್‌ಗಳನ್ನೂ ಮಾಡಿದರು. ಹಾಗೆ ಮಾಡುವಾಗ ಹಳೆಯ ಉಕ್ಕನ್ನೇ ನೆಚ್ಚಿಕೊಳ್ಳದೆ ಹೆಚ್ಚು ಗಟ್ಟಿಯಾದ ಉಕ್ಕನ್ನು ಬಳಸಿದರು ಎಂಬುದು ಗಮನಿಸಬೇಕಾದ ಸಂಗತಿ. ಹೊಸ ತೋಟಾದ ಒತ್ತಡ ಹೆಚ್ಚು. ನಳಿಗೆಯ ವ್ಯಾಸ ತಿದ್ದಿದ ಮಾತ್ರಕ್ಕೆ ಹಳೆಯ ಬಂದೂಕು ಅದನ್ನು ತಡೆದುಕೊಳ್ಳುವುದಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಸೇನೆ ಇನ್ಸಾಸ್ ರೈಫಲ್‌ಗೆ ಬದಲಾಯಿತು. ಎಸ್‌ಎಲ್‌ಆರ್ ಪೊಲೀಸ್ ಪಡೆಗಳಲ್ಲಿ ಉಳಿದುಕೊಂಡಿತು. ‘ಎಸ್‌ಎಲ್‌ಆರ್ ಬಂದೂಕು’ ಎಂಬುದು ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಯಲ್ಲೂ ಸಲೀಸಾಗಿ ಓಡಾಡುವ ಪದ.

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಸಾಮಾನ್ಯ ನಾಗರಿಕರೊಬ್ಬರ ಮನೆಯಲ್ಲಿ ಇಂಥ ರೈಫಲ್ ಇರಲು ಕಾನೂನಿನ ಅವಕಾಶವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪುಗೊಂಡ 2016ರ ನಿಯಮಗಳು ಇದನ್ನು ಒಂದನೆಯ ವರ್ಗದಲ್ಲಿ, ಅಂದರೆ ನಿಷೇಧಿತ ಶಸ್ತ್ರಗಳ ಸಾಲಿನಲ್ಲಿ ಇಡುತ್ತವೆ. ಆ ಪಟ್ಟಿಯ ಮಾತುಗಳ ಜೋಡಣೆಯೇ ಸ್ವಾರಸ್ಯಕರ. .303 ಅಥವಾ 7.62 ವ್ಯಾಸದ ಬೋಲ್ಟ್ ಮತ್ತು ಅರೆಸ್ವಯಂಚಾಲಿತ ರೈಫಲ್‌ಗಳನ್ನು ಹೆಸರಿಸಿ ಅದು ಅಲ್ಲಿಗೇ ನಿಲ್ಲುವುದಿಲ್ಲ. ಆ ಸೇನಾ ತೋಟಾಗಳನ್ನು ಚೇಂಬರಿನಲ್ಲಿ ಕೂರಿಸಿ ಹಾರಿಸಬಲ್ಲ ಬೇರೆ ಯಾವುದೇ ವ್ಯಾಸದ ಬಂದೂಕನ್ನೂ ಸೇರಿಸುತ್ತದೆ. ಹಿಂದೆ ಪೊಲೀಸರಿಗೆಂದೇ ಮಾಡಿದ್ದ .410 ಮಸ್ಕೆಟ್ ಕೂಡ ಅಲ್ಲಿದೆ. ಬಂದೂಕನ್ನು ಅದರ ತೋಟಾದಿಂದ ಗುರುತಿಸಬೇಕು ಎಂಬ ತಿಳಿವಳಿಕೆ ಕಾನೂನು ಬರೆದವರಿಗೆ ಇತ್ತು. ಪರವಾನಗಿ ಪಡೆದ ನಾಗರಿಕರಿಗೆ ಸಾಮಾನ್ಯವಾಗಿ ಸಿಗುವುದು 12 ಬೋರ್ ಬಂದೂಕು, .315 ಅಥವಾ .30-06 ಬೋಲ್ಟ್ ರೈಫಲ್. .315 ತೋಟಾದ ಮೂಲ ಆಸ್ಟ್ರಿಯಾದ 8 ಮಿ.ಮೀ. ಮ್ಯಾನ್‌ಲಿಷರ್; ಸೇನೆಯ ತೋಟಾ ನಾಗರಿಕ ಬಂದೂಕಿಗೆ ಒದಗಬಾರದು ಎಂಬ ಬ್ರಿಟಿಷರ ಎಚ್ಚರಿಕೆಯಿಂದಲೇ ಅದು ಈ ದೇಶದಲ್ಲಿ ಬೇರೂರಿತು. ಹೀಗಾಗಿ ಮುಂದಿನ ವಿವರಗಳಲ್ಲಿ ಎಸ್‌ಎಲ್‌ಆರ್‌ಗೆ ಸೇರಿದ್ದು ಶಸ್ತ್ರಾಗಾರದ ಸಿಬ್ಬಂದಿಗೆ ಮತ್ತು ಕುತೂಹಲಿಗಳಿಗೆ. ಉಳಿದದ್ದರಲ್ಲಿ ಹೆಚ್ಚಿನದು ಪರವಾನಗಿದಾರರಿಗೂ ಅನ್ವಯಿಸುತ್ತದೆ.

ಮೊದಲ ಪರೀಕ್ಷೆ ಹೆಸರಿನದು. ‘ಸೆವೆನ್ ಸಿಕ್ಸ್ ಟೂ’ ಎಂಬುದು ತೋಟಾದ ಪೂರ್ತಿ ಹೆಸರಲ್ಲ, ನಳಿಗೆಯ ಒಳವ್ಯಾಸದ ಅಂದಾಜು ಮಾತ್ರ. ಎಸ್‌ಎಲ್‌ಆರ್‌ನದು 7.62×51, ಇಲ್ಲಿ 51 ಎಂದರೆ ಕವಚದ ಉದ್ದ, ಮಿಲಿಮೀಟರಿನಲ್ಲಿ. ಎಕೆ-47ರದು 7.62×39. ರಷ್ಯಾದ ಡ್ರಾಗುನೋವ್‌ನದು 7.62×54, ಹಿಂಬದಿಯಲ್ಲಿ ಅಂಚು ಇರುವಂಥದ್ದು. ಅಮೆರಿಕದ .30-06 ಎಂಬುದನ್ನು ಮೆಟ್ರಿಕ್‌ನಲ್ಲಿ ಬರೆದರೆ 7.62×63. ನಾಲ್ಕೂ ‘ಸೆವೆನ್ ಸಿಕ್ಸ್ ಟೂ’, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರುವಂತಿಲ್ಲ. ಎಸ್‌ಎಲ್‌ಆರ್, ಎಕೆ ಎರಡೂ ಇರುವ ಶಸ್ತ್ರಾಗಾರದಲ್ಲಿ ಇದು ಪುಸ್ತಕದ ಮಾತಲ್ಲ. ಎಕೆಯ ತೋಟಾ ಗಿಡ್ಡ, ಮೈಯೂ ತುಸು ಸಣ್ಣ. ಎಸ್‌ಎಲ್‌ಆರ್ ಚೇಂಬರಿನಲ್ಲಿ ಅದು ಸಡಿಲವಾಗಿ ಇಳಿಯಬಲ್ಲದು. ಹಾಗೆ ಇಳಿದು ಸಿಡಿದರೆ ಸುತ್ತ ಆಸರೆಯಿಲ್ಲದ ಹಿತ್ತಾಳೆ ಉಬ್ಬಿ ಬಿರಿಯುತ್ತದೆ, ಬಿಸಿ ಅನಿಲ ಹಿಂದಕ್ಕೆ, ಬಂದೂಕು ಹಿಡಿದವರ ಮುಖದತ್ತ ನುಗ್ಗುತ್ತದೆ. ತೋಟಾ ಕಷ್ಟಪಟ್ಟು ಕೂತರೆ ಜನ ಅನುಮಾನಿಸುತ್ತಾರೆ. ಸಡಿಲವಾಗಿ ಕೂತರೆ ಅನುಮಾನಿಸುವುದಿಲ್ಲ. ಅಪಾಯ ಎರಡರಲ್ಲೂ ಇದೆ.

ಹೆಸರು ತಿಳಿಯಲು ತೋಟಾದ ತಳ ನೋಡಬೇಕು. ಹಿತ್ತಾಳೆಯ ತಳದಲ್ಲಿ ಕ್ಯಾಪ್‌ನ ಸುತ್ತ ಕಾರ್ಖಾನೆಯ ಗುರುತು, ತಯಾರಾದ ವರ್ಷ, ತೋಟಾದ ಮಾದರಿ ಒತ್ತಿರುತ್ತದೆ. ‘ಕೆಎಫ್’ ಎಂದಿದ್ದರೆ ಪುಣೆಯ ಖಡ್ಕಿ ಕಾರ್ಖಾನೆಯದು. ‘ಓಎಫ್‌ವಿ’ ಎಂದರೆ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ವರಣಗಾಂವ್‌ನದು. 2021ರ ಅಕ್ಟೋಬರ್‌ನಿಂದ ಈ ಎರಡೂ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯಡಿ ಬಂದಿವೆ. .303 ತೋಟಾದ ತಳದಲ್ಲಿ ‘7’ ಇದ್ದರೆ ಏಳನೆಯ ಮಾದರಿ; ಪಕ್ಕದಲ್ಲಿ ‘ಝಡ್’ ಸೇರಿದ್ದರೆ ಒಳಗಿರುವುದು ಹಳೆಯ ಕಾರ್ಡೈಟ್ ಕಡ್ಡಿಗಳಲ್ಲ, ನೈಟ್ರೋಸೆಲ್ಯುಲೋಸ್ ಮದ್ದು. ಬಂದೂಕಿನ ನಳಿಗೆಯ ಮೇಲಿನ ಅಂಕಿಗೂ ತೋಟಾದ ತಳದ ಅಂಕಿಗೂ ಪೂರ್ತಿ ತಾಳೆಯಾಗದಿದ್ದರೆ ಮುಂದಿನ ಮಾತೇ ಇಲ್ಲ. ತಳದಲ್ಲಿ ಏನೂ ಓದಲಾಗದಿದ್ದರೆ ಅದು ತೋಟಾ ಅಲ್ಲ, ಸ್ಫೋಟಕ ಎಂದೇ ತಿಳಿಯಬೇಕು.

7.62×51ಕ್ಕೆ ನಾಗರಿಕ ಲೋಕದಲ್ಲಿ .308 ವಿಂಚೆಸ್ಟರ್ ಎಂಬ ಅವಳಿ ಇದೆ. ಅದು ಮಾರುಕಟ್ಟೆಗೆ ಬಂದದ್ದು 1952ರಲ್ಲಿ, ನ್ಯಾಟೋ ತನ್ನ ತೋಟಾವನ್ನು ಅಧಿಕೃತಗೊಳಿಸುವ ಮುನ್ನವೇ. ಹೊರನೋಟಕ್ಕೆ ಎರಡೂ ಒಂದೇ. .308ರ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡ್, ಸೇನೆಯದು 50,000 ಎಂದು ಬರೆದಿರುವುದನ್ನು ಓದಿ ಗಾಬರಿಯಾಗುವವರಿದ್ದಾರೆ. ಈ ಎರಡು ಅಂಕಿಗಳನ್ನು ಅಳೆದ ಬಗೆಯೇ ಬೇರೆ: ಒಂದು ವಿದ್ಯುತ್ ಸಂವೇದಕದಿಂದ ಬಂದದ್ದು, ಇನ್ನೊಂದು ತಾಮ್ರದ ತುಂಡು ಎಷ್ಟು ಚಪ್ಪಟೆಯಾಯಿತು ಎಂಬುದರಿಂದ ಲೆಕ್ಕ ಹಾಕಿದ್ದು. ನಿಜವಾದ ಅಂತರ ಅಂಕಿಗಳು ತೋರಿಸುವಷ್ಟು ದೊಡ್ಡದಲ್ಲ. ಗಮನ ಕೊಡಬೇಕಾದ್ದು ಕವಚಕ್ಕೆ. ಸೇನಾ ರೈಫಲ್‌ನ ಚೇಂಬರು ಕೂದಲೆಳೆಯಷ್ಟು ಉದ್ದವಾಗಿರಬಹುದು, ಸೇನಾ ಹಿತ್ತಾಳೆ ಅದಕ್ಕೆ ತಕ್ಕಂತೆ ದಪ್ಪ. ಬೇಟೆಗೆಂದು ಮಾಡಿದ ತೆಳು ಕವಚ ಸವೆದ ಸೇನಾ ಚೇಂಬರಿನಲ್ಲಿ ಹೆಚ್ಚು ಎಳೆದಾಡಿ, ತಳದ ಮೇಲ್ಭಾಗದಲ್ಲಿ ಹರಿಯುವ ಸಾಧ್ಯತೆ ಹೆಚ್ಚು.

ಒತ್ತಡದ ವಿಷಯದಲ್ಲಿ ಅರೆಸ್ವಯಂಚಾಲಿತ ರೈಫಲ್‌ಗಳ ನಿಜವಾದ ಸೂಕ್ಷ್ಮ ಬೇರೆ ಕಡೆ ಇದೆ, ಅದನ್ನು ಚೆನ್ನಾಗಿ ತೋರಿಸುವುದು ಅಮೆರಿಕದ ಎಂ1 ಗ್ಯಾರಂಡ್. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಜಾನ್ ಗ್ಯಾರಂಡ್ ರೂಪಿಸಿದ ಈ ರೈಫಲ್ 1936ರಲ್ಲಿ ಅಮೆರಿಕ ಸೇನೆಗೆ ಸೇರಿತು. ಅದರ ಅನಿಲದ ರಂಧ್ರ ಇರುವುದು ನಳಿಗೆಯ ತುದಿಯ ಹತ್ತಿರ. ಅಲ್ಲಿಂದ ಬೋಲ್ಟಿನವರೆಗೆ ಚಾಚಿಕೊಂಡ ಉದ್ದನೆಯ ಬಾಗಿದ ಉಕ್ಕಿನ ಸರಳು ಅದರ ಅತ್ಯಂತ ನಾಜೂಕಾದ ಭಾಗ. ಎರಡನೆಯ ಮಹಾಯುದ್ಧದ ಕಾಲದ .30-06 ಎಂ2 ತೋಟಾಕ್ಕೆ ಈ ಬಂದೂಕು ಒಗ್ಗಿಕೊಂಡಿತ್ತು: ಗುಂಡಿನ ತೂಕ ಸುಮಾರು 150 ಗ್ರೇನ್, ವೇಗ ಸೆಕೆಂಡಿಗೆ ಸುಮಾರು 2,700 ಅಡಿ. ಇದೇ .30-06 ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ಇಂದಿನ ಬೇಟೆ ತೋಟಾದಲ್ಲಿ 180 ಅಥವಾ 220 ಗ್ರೇನಿನ ಭಾರದ ಗುಂಡು, ಅದನ್ನು ತಳ್ಳಲು ನಿಧಾನವಾಗಿ ಉರಿಯುವ ಮದ್ದು ಇರಬಹುದು. ಚೇಂಬರಿನ ಗರಿಷ್ಠ ಒತ್ತಡ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಪೆಟ್ಟಿಗೆಯ ಮೇಲಿನ ಅಂಕಿ ನೋಡಿದವರಿಗೆ ವ್ಯತ್ಯಾಸ ಕಾಣದು. ಆದರೆ ನಿಧಾನದ ಮದ್ದು ಗುಂಡು ರಂಧ್ರ ದಾಟುವ ಹೊತ್ತಿಗೂ ಜೋರಾಗಿ ಉರಿಯುತ್ತಲೇ ಇರುತ್ತದೆ. ರಂಧ್ರದ ಬಳಿಯ ಒತ್ತಡ ಏರುತ್ತದೆ, ಪಿಸ್ಟನ್‌ಗೆ ಬೀಳುವ ಪೆಟ್ಟು ಹೆಚ್ಚುತ್ತದೆ, ಸರಳು ಬಾಗುತ್ತದೆ. ಹೊಡೆತ ಮೇಲಿಂದ ಮೇಲೆ ಬಿದ್ದರೆ ಬೋಲ್ಟ್ ಹಿಂದಿನ ಗೋಡೆಗೆ ಬಡಿದು ಬಂದೂಕಿನ ಮೈಯೇ ಬಿರುಕು ಬಿಡಬಹುದು.

ಹಳೆಯ ಗ್ಯಾರಂಡ್‌ಗಳನ್ನು ನಾಗರಿಕರಿಗೆ ಮಾರುವ ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಸಂಸ್ಥೆ ಇದಕ್ಕಾಗಿಯೇ ಮಿತಿ ಹಾಕಿದೆ: ತಾಮ್ರದ ಅಳತೆಯಲ್ಲಿ 50,000ಕ್ಕಿಂತ ಹೆಚ್ಚಿನ ಒತ್ತಡದ ತೋಟಾ ಬೇಡ, 172–174 ಗ್ರೇನ್‌ಗಿಂತ ಭಾರದ ಗುಂಡು ಬೇಡ. ಕೆಲವು ತಯಾರಕರು ಗ್ಯಾರಂಡ್‌ಗೆಂದೇ ಹಳೆಯ ಎಂ2 ಅಳತೆಯ ತೋಟಾ ಮಾಡುತ್ತಾರೆ. ಬೋಲ್ಟ್ ರೈಫಲ್ ಇರುವ ಭಾರತೀಯ ಪರವಾನಗಿದಾರನಿಗೆ ಈ ಸರಳಿನ ಚಿಂತೆ ಇಲ್ಲ, ಅದೇ .30-06 ಅವನ ಬಂದೂಕಿನಲ್ಲಿ ನಿರಾತಂಕವಾಗಿ ಓಡುತ್ತದೆ. ಒಂದೇ ಪೆಟ್ಟಿಗೆಯ ತೋಟಾ ಒಂದು ಬಂದೂಕಿಗೆ ಸುರಕ್ಷಿತ, ಇನ್ನೊಂದಕ್ಕೆ ಅಲ್ಲ.

ಎಸ್‌ಎಲ್‌ಆರ್ ಈ ವಿಷಯದಲ್ಲಿ ಗ್ಯಾರಂಡ್‌ಗಿಂತ ಜಾಣ ವಿನ್ಯಾಸ. ಅದರ ನಳಿಗೆಯ ಮೇಲೆ ಅನಿಲ ನಿಯಂತ್ರಕ ಇದೆ. ಬಿರಟೆ ತಿರುಗಿಸಿದಂತೆ ಹೆಚ್ಚುವರಿ ಅನಿಲ ಹೊರಕ್ಕೆ ಹೋಗುತ್ತದೆ, ಪಿಸ್ಟನ್ನಿಗೆ ಬೇಕಾದಷ್ಟೇ ಉಳಿಯುತ್ತದೆ. ಹೊಂದಿಸುವ ಕ್ರಮ ಸರಳ. ನಿಯಂತ್ರಕವನ್ನು ಪೂರ್ತಿ ತೆರೆದು, ಮ್ಯಾಗಜಿನ್‌ಗೆ ಒಂದೊಂದೇ ತೋಟಾ ಹಾಕಿ ಹಾರಿಸುತ್ತ, ಬಂದೂಕು ತೊಡಕಿಲ್ಲದೆ ಓಡುವವರೆಗೆ ಹಂತ ಹಂತವಾಗಿ ಮುಚ್ಚಬೇಕು. ಮೇಲೆ ಎರಡು ಹಂತ ಭರವಸೆಗೆ. ತೋಟಾದ ಬ್ಯಾಚ್ ಬದಲಾದಾಗ, ಬಂದೂಕು ಕೊಳೆಯಾದಾಗ ಮತ್ತೆ ನೋಡಬೇಕಾಗುತ್ತದೆ. ತೊಡಕು ಬಂದಾಗಲೆಲ್ಲ ನಿಯಂತ್ರಕವನ್ನು ಪೂರ್ತಿ ಮುಚ್ಚಿ ‘ಈಗ ಓಡುತ್ತದೆ’ ಎಂದು ಸಮಾಧಾನಪಡುವುದು ಕೆಟ್ಟ ಅಭ್ಯಾಸ. ಬಂದೂಕು ಓಡುತ್ತದೆ, ಬೇಗ ಸವೆಯುತ್ತದೆ. ಗ್ರೆನೇಡ್ ಚಿಮ್ಮಿಸುವ ತೋಟಾ ಮತ್ತು ಸದ್ದಿಗೆ ಮಾತ್ರ ಬಳಸುವ ಖಾಲಿ ತೋಟಾಗಳ ಲೆಕ್ಕವೇ ಬೇರೆ. ಅವನ್ನು ಗುಂಡಿನ ತೋಟಾಗಳ ಜತೆ ಒಂದೇ ಡಬ್ಬಿಯಲ್ಲಿ ಇಡಬಾರದು.

ಕ್ಯಾಪ್‌ನ ವಿಷಯಕ್ಕೆ ಬಂದರೆ, ಹಳೆಯ ಸೇನಾ ರೈಫಲ್‌ಗಳಲ್ಲಿ ಹಲವಕ್ಕೆ ಫೈರಿಂಗ್ ಪಿನ್ನನ್ನು ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗ್ ಇಲ್ಲ. ಗ್ಯಾರಂಡ್ ಅಂಥದ್ದು. ಬೋಲ್ಟ್ ಮುಂದೆ ಬಂದು ಬಡಿದಾಗ ಪಿನ್ ತನ್ನ ಓಟಕ್ಕೆ ಮುಂದೆ ಜಾರಿ ಕ್ಯಾಪ್‌ಗೆ ಮೆಲ್ಲಗೆ ತಾಗುತ್ತದೆ. ಸೇನಾ ತೋಟಾದ ಕ್ಯಾಪ್ ಗಡಸಾದ್ದರಿಂದ ಸಣ್ಣ ಗುರುತು ಬಿಟ್ಟು ಏನೂ ಆಗುವುದಿಲ್ಲ. ಮೆದು ಕ್ಯಾಪ್ ಇರುವ ತೋಟಾ ಹಾಕಿದರೆ, ಅಥವಾ ಕ್ಯಾಪ್ ತಳಕ್ಕಿಂತ ಕೂದಲೆಳೆ ಎತ್ತರಕ್ಕಿದ್ದರೆ, ಕುದುರೆ ಮುಟ್ಟದೆಯೇ ಸಿಡಿಯಬಹುದು. ಬೋಲ್ಟಿಗೆ ಪೂರ್ತಿ ಬೀಗ ಬೀಳುವ ಮೊದಲೇ ಹಾಗಾದರೆ ಬಂದೂಕು ಹಿಡಿದವರ ಕೈಯಲ್ಲೇ ಒಡೆಯುತ್ತದೆ. ಹಾರಿಸಿದ ಕವಚಕ್ಕೆ ಮನೆಯಲ್ಲೇ ಮತ್ತೆ ಕ್ಯಾಪ್, ಮದ್ದು ತುಂಬುವವರು ಎಡವುವ ಜಾಗವೂ ಇದೇ. ಭಾರತದಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಷಿದ್ಧವೂ ಹೌದು.

ಹಳೆಯ ತೋಟಾಗಳ ಬಗ್ಗೆ ಈ ದೇಶವೇ ಜಗತ್ತಿಗೆ ಒಂದು ಪಾಠ ಒದಗಿಸಿದೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ ಮಳೆಗಾಲ ಮುಗಿಯುವವರೆಗೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುವ ರೂಢಿಯಿತ್ತು. ಮಳೆ ನಿಂತು ತೆಗೆದು ನೋಡಿದರೆ ಯಾರೂ ಮುಟ್ಟದ ಹೊಸ ಹಿತ್ತಾಳೆ ಕವಚಗಳು ಸೀಳಿರುತ್ತಿದ್ದವು. ಕಾರಣ ಬಿಡಿಸಲು 1921ರವರೆಗೆ ಕಾಯಬೇಕಾಯಿತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಹಿತ್ತಾಳೆಯನ್ನು ತಣ್ಣಗೇ ಎಳೆದು ರೂಪಿಸುವಾಗ ಒಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಲೋಹವನ್ನು ಸೀಳುತ್ತಿದ್ದವು. ಕವಚವನ್ನು ಹದವಾಗಿ ಕಾಯಿಸಿ ಬಿಗಿತ ತೆಗೆದದ್ದೇ ಪರಿಹಾರವಾಯಿತು. ಸೇನಾ ತೋಟಾದ ಕುತ್ತಿಗೆಯ ಬಳಿ ಕಾಣುವ ನೀಲಿ-ಕಂದು ಛಾಯೆ ಆ ಕಾಯಿಸಿದ ಗುರುತು; ಅದು ದೋಷವಲ್ಲ. ಕುತ್ತಿಗೆಯಲ್ಲಿ ಉದ್ದುದ್ದದ ಸಣ್ಣ ಬಿರುಕು ಕಂಡರೆ ಅದು ದೋಷ. ದನದ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ, ಯೂರಿಯಾ ಚೀಲಗಳ ಪಕ್ಕದಲ್ಲಿ ತೋಟಾ ಇಡಬಾರದೆಂಬುದಕ್ಕೂ ಇದೇ ಕಾರಣ.

ಬಸವಕಲ್ಯಾಣ, ಹುಮನಾಬಾದ್ ಇರುವ ಬೀದರ್ ಜಿಲ್ಲೆಯಲ್ಲಿ ಮಳೆಯ ತೇವಕ್ಕಿಂತ ಬೇಸಿಗೆಯೇ ದೊಡ್ಡ ಶತ್ರು. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಚಾವಣಿಯ ಕೋಣೆಯಲ್ಲಿ, ಬಿಸಿಲಲ್ಲಿ ನಿಂತ ಜೀಪಿನಲ್ಲಿ ಅದಕ್ಕಿಂತ ಹೆಚ್ಚು. ಕಾದ ತೋಟಾ ಹಾರಿಸಿದರೆ ಒತ್ತಡ ತಕ್ಷಣಕ್ಕೇ ಏರುತ್ತದೆ. ವರ್ಷಗಟ್ಟಲೆ ಕಾದರೆ ಮದ್ದೇ ಕೆಡುತ್ತದೆ. ನೈಟ್ರೋಸೆಲ್ಯುಲೋಸ್ ತಾನಾಗಿ ನಿಧಾನಕ್ಕೆ ಒಡೆಯುವ ಪದಾರ್ಥ. ಅದನ್ನು ತಡೆಯಲು ಡೈಫಿನೈಲಮೈನ್‌ನಂಥ ಸ್ಥಿರಕ ಸೇರಿಸಿರುತ್ತಾರೆ. ಬಿಸಿ ಹೆಚ್ಚಿದಷ್ಟೂ ಸ್ಥಿರಕ ಬೇಗ ಮುಗಿಯುತ್ತದೆ. ಆಮೇಲೆ ಹೊಮ್ಮುವ ಆಮ್ಲೀಯ ಹಬೆ ಹಿತ್ತಾಳೆಯನ್ನು ಒಳಗಿನಿಂದ ತಿನ್ನುತ್ತದೆ. ಡಬ್ಬಿ ತೆರೆದಾಗ ಹುಳಿ ಘಾಟು, ಗುಂಡು ಕೂತ ಅಂಚಿನಲ್ಲಿ ಹಸಿರು ಕಿಲುಬು ಇದ್ದರೆ ಆ ಬ್ಯಾಚನ್ನೇ ಕೈಬಿಡಬೇಕು. ಬಟ್ಟೆಯಿಂದ ಉಜ್ಜಿ ಹೊಳಪು ಬರಿಸಿದರೆ ಸಾಕ್ಷ್ಯ ಅಳಿಯುತ್ತದೆ, ದೋಷ ಉಳಿಯುತ್ತದೆ.

ಹಳೆಯ ಕ್ಯಾಪ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಬಿಡುವ ಉಪ್ಪಿನಂಥ ಉಳಿಕೆ ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಅರೆಸ್ವಯಂಚಾಲಿತದಲ್ಲಿ ಆ ಉಪ್ಪು ಅನಿಲದ ದಾರಿಗೂ ಪಿಸ್ಟನ್‌ಗೂ ಹೋಗುತ್ತದೆ. ಎಣ್ಣೆಗೆ ಉಪ್ಪು ಕರಗದು. ಮೊದಲು ಬಿಸಿನೀರು, ಆಮೇಲೆ ಎಣ್ಣೆ.

ಕ್ಯಾಪ್ ಮುದಿಯಾದಾಗ ಬರುವ ತೊಂದರೆ ಇನ್ನೊಂದು: ಕುದುರೆ ಎಳೆದ ಕ್ಷಣಕ್ಕೆ ಸಿಡಿಯದೆ, ತುಸು ಹೊತ್ತಿನ ಮೇಲೆ ಸಿಡಿಯುವುದು. ಗುಂಡು ಹಾರಲಿಲ್ಲವೆಂದು ಆಗಲೇ ಬೋಲ್ಟ್ ಎಳೆದರೆ ತೋಟಾ ಹೊರಗೆ, ಆಸರೆಯಿಲ್ಲದೆ ಸಿಡಿಯುತ್ತದೆ. ಬಂದೂಕಿನ ಮೂತಿಯನ್ನು ಗುರಿಯತ್ತಲೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯುವುದು ರೂಢಿಯ ನಿಯಮ. ಸದ್ದು ಎಂದಿಗಿಂತ ಸಣ್ಣದಾಗಿ ‘ಫಟ್’ ಎಂದರೆ ಅದು ಇನ್ನೂ ಗಂಭೀರ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ನಳಿಗೆ ಖಾಲಿಯೆಂದು ಖಚಿತವಾಗದೆ ಮುಂದಿನದು ಹಾರಿಸಿದರೆ ನಳಿಗೆ ಸೀಳುತ್ತದೆ.

ತೋಟಾ ಸರಿಯಿದ್ದರೂ ಬಂದೂಕು ಸರಿಯಿರಬೇಕು. ಬೋಲ್ಟಿನ ಮುಖಕ್ಕೂ ಚೇಂಬರಿನ ಆನಿಕೆಗೂ ನಡುವಿನ ಅಂತರ ಸವೆತದಿಂದ ಹೆಚ್ಚುತ್ತದೆ. ಅದನ್ನು ಅಳೆಯಲು ಉಕ್ಕಿನ ಗೇಜುಗಳಿವೆ, ಅಳೆಯಬೇಕಾದವರು ಶಸ್ತ್ರಾಗಾರದ ಕುಶಲಕರ್ಮಿಗಳು. ಎನ್‌ಸಿಸಿ ಕೆಡೆಟ್‌ಗಳು ಕವಾಯತಿಗೆ ಹಿಡಿಯುವ, ಮೈಮೇಲೆ ‘ಡಿಪಿ’ ಎಂದು ಒತ್ತಿದ ರೈಫಲ್‌ಗಳು ಕವಾಯತಿಗಷ್ಟೇ. ಅವಕ್ಕೆ ಯಾವ ತೋಟಾವೂ ಸುರಕ್ಷಿತವಲ್ಲ. ಹಳೆಯ 12 ಬೋರ್ ಬಂದೂಕುಗಳಲ್ಲಿ ಚೇಂಬರಿನ ಉದ್ದ ನೋಡಬೇಕು. 65 ಮಿ.ಮೀ. ಚೇಂಬರಿಗೆ 70 ಮಿ.ಮೀ. ತೋಟಾ ಸುಲಭವಾಗಿ ಇಳಿಯುತ್ತದೆ, ಏಕೆಂದರೆ ಅದರ ಮಡಿಚಿದ ಬಾಯಿ ಬಿಚ್ಚುವುದು ಹಾರಿದ ಮೇಲೆ. ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಸುರುಳಿ ಗೆರೆಯ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು, ಇಂದಿನ ತೋಟಾಕ್ಕೆ ಒಡ್ಡಬಾರದಂಥವು.

ಪರವಾನಗಿದಾರರು ಚುನಾವಣೆಯ ಹೊತ್ತಿಗೆ ಬಂದೂಕು ಠಾಣೆಗೆ ಒಪ್ಪಿಸಬೇಕಾಗಿ ಬಂದಾಗ ಮನೆಯಲ್ಲುಳಿದ ತೋಟಾಗಳ ವರ್ಷ, ಸ್ಥಿತಿಯನ್ನು ಒಮ್ಮೆ ನೋಡಿಕೊಳ್ಳಬಹುದು. ಪರವಾನಗಿದಾರರು ತೀರಿಕೊಂಡಿದ್ದರೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಾರಸುದಾರರು ಬಂದೂಕು ಮತ್ತು ತೋಟಾಗಳನ್ನು ಹತ್ತಿರದ ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಠೇವಣಿ ಇಡಬೇಕು. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಶಸ್ತ್ರಕ್ಕೆ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ, ಅದು ತೋಟಾಕ್ಕೆ ಸಲ್ಲದು. ಹಳೆಯ ಗಢಿ, ವಾಡೆಗಳ ಗೋಡೆ ಕೆಡವುವಾಗ, ಹೊಲ ಉಳುವಾಗ ಕಿಲುಬು ಹಿಡಿದ ತೋಟಾ ಸಿಕ್ಕರೆ ತಳದ ಅಕ್ಷರ ಓದಲೆಂದು ಉಜ್ಜುವುದು, ಒಲೆಯ ಹತ್ತಿರ ಒಯ್ಯುವುದು, ಗುಜರಿಗೆ ಹಾಕುವುದು ಯಾವುದೂ ಸಲ್ಲ. ಇದ್ದಲ್ಲೇ ಬಿಟ್ಟು 112ಕ್ಕೆ ಕರೆ ಮಾಡಿದರೆ ಪೊಲೀಸರು ಬಂದು ಒಯ್ಯುತ್ತಾರೆ.